ಯಾರೀ ಗುರ್ನಾ?

2021ರ ಅಕ್ಟೋಬರ್ 7ರಂದು ಇಂಗ್ಲೆಂಡಿನಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರು ಅಡುಗೆಮನೆಯಲ್ಲಿದ್ದಾಗ ಫೋನ್ ಬಂತು. ಸಾಹಿತ್ಯದ ನೊಬೆಲ್ ನಿಮಗೇ ಎಂದಿತು ಆ ಕಡೆಯ ದನಿ. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡರು ಅಬ್ದುಲ್‌ರಜಾಕ್ ಗುರ್ನಾ. ಸುದ್ದಿ ಕೇಳಿದ ಓದುಗರೂ ಹುಬ್ಬೇರಿಸಿದರು: ಯಾರೀತ?

ಅಷ್ಟರಲ್ಲಿ ಅವರು ಹತ್ತು ಕಾದಂಬರಿ ಬರೆದಾಗಿತ್ತು. 'ಪ್ಯಾರಡೈಸ್' 1994ರಲ್ಲೇ ಬುಕರ್‌ನ ಅಂತಿಮ ಪಟ್ಟಿಗೆ ಬಂದಿತ್ತು. ಆದರೂ ಅಮೆರಿಕದ ಅಂಗಡಿಗಳಲ್ಲಿ ಅವರ ಪುಸ್ತಕ ಹುಡುಕಬೇಕಾಯಿತು. ಬ್ರಿಟನ್ನಿನಲ್ಲಿ 2020ರಲ್ಲಿ ಬಂದಿದ್ದ 'ಆಫ್ಟರ್‌ಲೈವ್ಸ್' ಅಮೆರಿಕದಲ್ಲಿ ಅಚ್ಚಾದದ್ದು ಬಹುಮಾನದ ನಂತರ, 2022ರಲ್ಲಿ.

ಹುಟ್ಟುನಾಡಿನ ಪ್ರತಿಕ್ರಿಯೆ ಇನ್ನೂ ಸ್ವಾರಸ್ಯದ್ದು. ಗುರ್ನಾ ಜಾಂಜಿಬಾರ್ ದ್ವೀಪದವರು, 1948ರಲ್ಲಿ ಹುಟ್ಟಿದವರು. 1964ರ ಕ್ರಾಂತಿಯಲ್ಲಿ ಅಲ್ಲಿ ಅರಬ್ ಮೂಲದವರ ಮೇಲೆ ಹಿಂಸಾಚಾರ ನಡೆಯಿತು. ಆ ದಶಕ ಮುಗಿಯುವ ಹೊತ್ತಿಗೆ, ಇನ್ನೂ ಎಳೆಯ ಪ್ರಾಯದಲ್ಲಿ, ಅವರು ಇಂಗ್ಲೆಂಡ್ ಸೇರಿದ್ದರು. ಊರಿಗೆ ಮತ್ತೆ ಕಾಲಿಡಲು ಆದದ್ದು 1984ರಲ್ಲಿ. ನೊಬೆಲ್ ಬಂದಾಗ ಟಾಂಜಾನಿಯಾದವರು ಹೆಮ್ಮೆಪಟ್ಟರು, ಜೊತೆಜೊತೆಗೇ ವಾದಕ್ಕೂ ಇಳಿದರು. ಊರು ಬಿಟ್ಟು ಹೋಗಬೇಕಾಗಿ ಬಂದ, ಬ್ರಿಟಿಷ್ ಪೌರನಾದ ಈತ ನಮ್ಮವನೇ? ವಾದಿಸಿದವರಲ್ಲಿ ಗುರ್ನಾರನ್ನು ಓದಿದವರು ಕಡಿಮೆ. ಅದು ಅವರ ತಪ್ಪೂ ಅಲ್ಲ. ಸ್ವಾಹಿಲಿ ಮಾತೃಭಾಷೆಯ ಗುರ್ನಾ ಬರೆದದ್ದು ಇಂಗ್ಲಿಷಿನಲ್ಲಿ. 'ಪ್ಯಾರಡೈಸ್' ಕಾದಂಬರಿಯನ್ನು ಇಡಾ ಹಾಜಿವಾಯನಿಸ್ ಅವರು 'ಪೆಪೊನಿ' ಎಂದು ಸ್ವಾಹಿಲಿಗೆ ತಂದದ್ದು 2022ರಲ್ಲಿ. ಅಂದರೆ ಮನೆಯವರು ಓದಲಿಕ್ಕೆ ಸ್ವೀಡನ್ನಿನ ಚೀಟಿ ಬೇಕಾಯಿತು!

ಹಾಗೆಂದು ಓದುಗರ ಗೊಣಗಾಟವೆಲ್ಲ ಅಜ್ಞಾನವಲ್ಲ. 1901ರಲ್ಲಿ ಮೊದಲ ನೊಬೆಲ್ ಟಾಲ್‌ಸ್ಟಾಯ್ ಅವರನ್ನು ಬಿಟ್ಟು ಫ್ರಾನ್ಸಿನ ಸುಲ್ಲಿ ಪ್ರುದೋಮ್‌ಗೆ ಹೋದಾಗ, ಸ್ವೀಡನ್ನಿನ 42 ಮಂದಿ ಲೇಖಕರು, ಕಲಾವಿದರೇ ಟಾಲ್‌ಸ್ಟಾಯ್‌ಗೆ ಪತ್ರ ಬರೆದು ಅಸಮಾಧಾನ ತೋಡಿಕೊಂಡರು. ಪ್ರುದೋಮ್‌ರನ್ನು ಈಗ ಓದುವವರು ಅಪರೂಪ. ಆದರೆ ಆ 42 ಮಂದಿ ಟಾಲ್‌ಸ್ಟಾಯ್‌ರನ್ನು ಬಲ್ಲವರು. ಒಂದು ಪುಟವನ್ನೂ ತಿರುವದೆ 'ಕೇಳಿಲ್ಲ, ಹಾಗಾಗಿ ದೊಡ್ಡವನಲ್ಲ' ಎನ್ನುವುದು ಬೇರೆ ಮಾತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಇಂಟರ್‌ನ್ಯಾಷನಲ್ ಬುಕರ್ ಗೆದ್ದಾಗ, ಹಾಸನಕ್ಕೆ ಹಳೆಯದಾದ ಹೆಸರು ಲಂಡನ್ನಿಗೆ ಹೊಸದಾಗಿತ್ತು. ದೀಪಾ ಭಾಸ್ತಿ ಆ ಕಥೆಗಳನ್ನು ಇಂಗ್ಲಿಷಿಗೆ ತರದಿದ್ದರೆ ತೀರ್ಪುಗಾರರ ಮೇಜಿಗೇ ಅವು ಹೋಗುತ್ತಿರಲಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು '2021, ಗುರ್ನಾ' ಎಂದು ಬಾಯಿಪಾಠ ಮಾಡಿ ಒಂದು ಅಂಕ ಗಿಟ್ಟಿಸುತ್ತಾರೆ. ತಂದೆತಾಯಂದಿರಿಗೂ ಅಷ್ಟೇ ಸಮಾಧಾನ. ಅಂಕ ಬರಲಿ, ಬೇಡವೆಂದವರಾರು? ಪರೀಕ್ಷೆ ಮುಗಿದ ರಜೆಯಲ್ಲಿ 'ಪ್ಯಾರಡೈಸ್' ಸಿಕ್ಕರೆ ಮೊದಲ ಅಧ್ಯಾಯವನ್ನಾದರೂ ಓದಬಹುದು. ಹನ್ನೆರಡು ವರ್ಷದ ಯೂಸುಫ್‌ನನ್ನು ಅಪ್ಪ ಸಾಲದ ಬಾಬ್ತಿಗೆ ವ್ಯಾಪಾರಿಯೊಬ್ಬನ ಜೊತೆ ಕಳಿಸುತ್ತಾನೆ. ಹುಡುಗ ಅವನನ್ನು ಮಾವನೆಂದೇ ತಿಳಿದಿರುತ್ತಾನೆ. ಜೀತದ ಕಥೆ ಕೇಳಿ ಬೆಳೆದ ಕನ್ನಡದ ಓದುಗರಿಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ. ಮುಂದೆ ಕಾಲಸಿಂಗ ಎಂಬ ಸಿಖ್ಖನೂ ಸಿಗುತ್ತಾನೆ.