ಸಾಗಣೆದಾರರ ಒಕ್ಕೂಟ: ಬಾಕಿ ಯಾರ ಹೆಗಲಿಗೆ?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಿಂದ ಹೊರಡುವ ಸರಕಿಗೆ ಕೊರತೆಯಿಲ್ಲ. ಸಕ್ಕರೆ, ಬೆಲ್ಲ, ಗೋವಿನಜೋಳ, ಅರಿಶಿನ, ಕರದಂಟು ಹೀಗೆ ಪಟ್ಟಿ ಬೆಳೆಯುತ್ತದೆ. ಸಂಕೇಶ್ವರದ ಮೂಲಕ ಹಾಯುವ 48ನೆಯ ರಾಷ್ಟ್ರೀಯ ಹೆದ್ದಾರಿ ಒಂದು ಕಡೆ ಪುಣೆ, ಮುಂಬಯಿಗೂ ಇನ್ನೊಂದು ಕಡೆ ಬೆಂಗಳೂರಿಗೂ ನಮ್ಮನ್ನು ಜೋಡಿಸಿದೆ. ಘಟಪ್ರಭಾ ನಿಲ್ದಾಣವು ಮೀರಜ-ಲೋಂಡಾ ರೈಲುಮಾರ್ಗದಲ್ಲಿದೆ. ಇಷ್ಟಿದ್ದೂ ಈ ಸರಕನ್ನು ದೂರದ ಊರಿಗೆ ಮುಟ್ಟಿಸುವ ಹೊಣೆ ಹೊತ್ತವರಲ್ಲಿ ಹೆಚ್ಚಿನವರು ಒಂದು ಕಚೇರಿ, ಒಂದು ಗೋದಾಮು, ಒಂದೆರಡು ದೂರವಾಣಿಗಳನ್ನು ನಂಬಿ ವ್ಯವಹರಿಸುವ ಸ್ವತಂತ್ರ ಸಾಗಣೆದಾರರು. ಊರೂರಿಗೂ ಸ್ವಂತ ಶಾಖೆಗಳಿರುವ ದೊಡ್ಡ ಸಂಸ್ಥೆಗಳ ಎದುರು ಇವರು ಒಬ್ಬೊಬ್ಬರಾಗಿ ನಿಲ್ಲುವುದು ದಿನೇ ದಿನೇ ಕಠಿಣವಾಗುತ್ತಿದೆ.

ಆದ್ದರಿಂದ ಇವರು ಒಕ್ಕೂಟ ಕಟ್ಟಿಕೊಳ್ಳಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಮಾತು ಸರಿಯಾದುದೇ. ಹಾಗೆ ನೋಡಿದರೆ ಒಂದು ಬಗೆಯ ಒಕ್ಕೂಟ ಈಗಲೂ ಇದೆ. ಗೋಕಾಕದ ಏಜೆಂಟರು ವಾಶಿಯ ಪರಿಚಿತರಿಗೆ ಫೋನು ಮಾಡುತ್ತಾರೆ, ಅವರು ಸರಕು ಇಳಿಸಿಕೊಂಡು ಮರಳಿ ಬರುವ ಲಾರಿಗೆ ಲೋಡು ಹುಡುಕಿಕೊಡುತ್ತಾರೆ. ಲಾರಿ ಬರಿದಾಗಿ ಹಿಂದಿರುಗಿದರೆ ಆ ಖರ್ಚು ಕೊನೆಗೆ ವರ್ತಕರ ಬಾಡಿಗೆಯಲ್ಲಿಯೇ ಸೇರುವುದರಿಂದ ಈ ಪರಿಚಯದ ಲಾಭ ಎಲ್ಲರಿಗೂ ಉಂಟು. ತೊಡಕು ಬರುವುದು ಹಣ ಸಿಕ್ಕಿಹಾಕಿಕೊಂಡಾಗ ಅಥವಾ ಸರಕು ಕೆಟ್ಟಾಗ. ಆಗ ಬಾಯಿಮಾತಿನ ಸ್ನೇಹಕ್ಕೆ ಲೆಕ್ಕಪುಸ್ತಕವಿರುವುದಿಲ್ಲ.

ವಿದೇಶಿ ಸಾಗಣೆಯಲ್ಲಿ ಈ ತೊಡಕನ್ನು ಎದುರಿಸಿದ ಬಗೆ ಗಮನಾರ್ಹ. ಸಾಗಣೆದಾರರ ಅಂತಾರಾಷ್ಟ್ರೀಯ ಮಹಾಮಂಡಲವಾದ ಫಿಯಾಟಾ 1926ರಲ್ಲಿ ವಿಯೆನ್ನಾದಲ್ಲಿ ಸ್ಥಾಪನೆಯಾಯಿತು. ಅದು ಮುಖ್ಯವಾಗಿ ಉದ್ಯಮದ ಪ್ರತಿನಿಧಿ ಸಂಸ್ಥೆ. ಸ್ವತಂತ್ರ ಸಾಗಣೆದಾರರ ವ್ಯಾವಹಾರಿಕ ಜಾಲಗಳು ಬೆಳೆದದ್ದು ಬಹಳ ತಡವಾಗಿ. 1998ರಲ್ಲಿ ಆರಂಭವಾದ ಡಬ್ಲ್ಯು.ಸಿ.ಎ. ಅವುಗಳಲ್ಲೊಂದು. ಅಲ್ಲಿ ಸದಸ್ಯರು ವಾರ್ಷಿಕ ಶುಲ್ಕ ತೆರುತ್ತಾರೆ, ಮತ್ತು ಒಬ್ಬ ಸದಸ್ಯ ಇನ್ನೊಬ್ಬನಿಗೆ ಬಾಕಿ ಉಳಿಸಿಕೊಂಡರೆ ಒಂದು ಮಿತಿಯವರೆಗೆ ರಕ್ಷಣೆ ದೊರೆಯುತ್ತದೆ. ಮುಖವನ್ನೇ ನೋಡದ ಇಬ್ಬರು ಪರಸ್ಪರ ಉದ್ರಿ ಕೊಡಲು ಧೈರ್ಯ ಮಾಡುವುದು ಈ ಏರ್ಪಾಡಿನಿಂದ. ವಾರ್ಷಿಕ ಸಮ್ಮೇಳನ, ಕೈಕುಲುಕುವಿಕೆ ಎಲ್ಲವೂ ಅದರ ನಂತರದ ಮಾತು.

ನಮ್ಮ ಮೂರು ತಾಲೂಕುಗಳವರು ಒಂದಾಗುವಾಗ ಮೊದಲು ಹೊಳೆಯುವುದು ಪಾಲುದಾರಿಕೆ ಸಂಸ್ಥೆ. ಇಲ್ಲಿ ಎಚ್ಚರ ಬೇಕು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯಂತೆ ಪ್ರತಿಯೊಬ್ಬ ಪಾಲುದಾರನೂ ಸಂಸ್ಥೆಯ ಏಜೆಂಟನಾಗುತ್ತಾನೆ. ಹುಕ್ಕೇರಿಯ ಪಾಲುದಾರ ಸಂಸ್ಥೆಯ ವ್ಯವಹಾರದಲ್ಲಿ ಮಾಡಿದ ಸಾಲಕ್ಕೆ ಮೂಡಲಗಿಯವನ ಮನೆ, ಹೊಲವೂ ಹೊಣೆಯಾಗಬಹುದು. ಸಂಸ್ಥೆಯನ್ನು ನೋಂದಾಯಿಸದಿದ್ದರೆ ಬಾಕಿದಾರನ ಮೇಲೆ ದಾವೆ ಹೂಡಲೂ ಅಡ್ಡಿ. 2008ರ ಕಾಯ್ದೆಯ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಇದಕ್ಕಿಂತ ಸುರಕ್ಷಿತವಾದರೂ ಅದರ ಲೆಕ್ಕಪತ್ರ ಸಲ್ಲಿಕೆ ಸಣ್ಣ ಕಚೇರಿಗೆ ಭಾರವೇ. ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲಿಯೇ ವ್ಯಾಪಾರ ನಡೆಸುತ್ತ, ಪರಸ್ಪರ ಲಿಖಿತ ಕರಾರಿಗೆ ಒಳಪಡುವ ಜಾಲವೇ ಸದ್ಯಕ್ಕೆ ಮೇಲು ಎಂದು ನಮ್ಮ ಅಭಿಪ್ರಾಯ. ಆ ಕರಾರಿನಲ್ಲಿ ಬಾಕಿ ತೀರಿಸುವ ದಿನ, ಉದ್ರಿಯ ಮಿತಿ, ಎಲ್ಲರೂ ಮುಂಗಡವಾಗಿ ಕೂಡಿಡುವ ಒಂದು ಠೇವಣಿ ನಿಧಿ, ತಪ್ಪಿದವರನ್ನು ಹೊರಗಿಡುವ ಕ್ರಮ ಇವಿಷ್ಟಾದರೂ ಸ್ಪಷ್ಟವಾಗಿ ಇರಲೇಬೇಕು. ಬರೆದ ನಿಯಮಗಳಿಗೆ ಒಳಪಟ್ಟು ನಡೆಯುವ ಸಂಸ್ಥೆ ಈ ನೆಲಕ್ಕೆ ಹೊಸದೇನಲ್ಲ. ಹುಕ್ಕೇರಿಯಲ್ಲಿ 1969ರಿಂದ ವಿದ್ಯುತ್ತನ್ನೇ ಸಹಕಾರಿ ಸಂಘ ಹಂಚುತ್ತ ಬಂದಿದೆ.

ಇದರಲ್ಲಿ ವರ್ತಕರಿಗೇನು ಎಂಬ ಪ್ರಶ್ನೆ ಸಹಜ. ಸರಕು ಎರಡು ಮೂರು ಕೈ ಬದಲಾಯಿಸಿದಾಗ ಹೊಣೆ ಯಾರದೆಂಬುದು ಲಾರಿ ರಸೀದಿಯನ್ನು ಯಾರು ಕೊಟ್ಟರೆಂಬುದರ ಮೇಲೆ ನಿಲ್ಲುತ್ತದೆ. 1865ರ ಹಳೆಯ ಕಾಯ್ದೆಯ ಬದಲಿಗೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆಯು ಬುಕಿಂಗ್ ಕಂಪನಿ, ಏಜೆಂಟ್, ದಲಾಲರನ್ನೂ ಸಾಗಣೆದಾರರ ವ್ಯಾಖ್ಯೆಯಲ್ಲಿ ಸೇರಿಸಿ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ಆದರೆ 2011ರ ನಿಯಮಗಳಂತೆ ಅವರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಬಾಡಿಗೆ ರೂ. 20,000, ಸರಕಿನ ಬೆಲೆ ರೂ. 8 ಲಕ್ಷ ಎಂದಿಟ್ಟುಕೊಳ್ಳೋಣ; ಎಲ್ಲವೂ ಹಾಳಾದರೂ ಕೈಗೆ ಬರುವುದು ರೂ. 2 ಲಕ್ಷ. ಹೆಚ್ಚಿನ ಅಪಾಯದ ದರವನ್ನು ಒಪ್ಪಿ ಬರೆಸಿದ್ದರೆ ಮಾತು ಬೇರೆ. ದಾವೆಗೆ ಮುನ್ನ ಕೊಡಬೇಕಾದ ಲಿಖಿತ ನೋಟೀಸಿಗೂ ಬುಕಿಂಗ್ ದಿನದಿಂದ 180 ದಿನಗಳ ಗಡುವಿದೆ. ನಮ್ಮಲ್ಲಿ ಎಷ್ಟು ಜನ ರಸೀದಿಯ ಹಿಂಬದಿ ಓದುತ್ತೇವೆ? ಒಕ್ಕೂಟವು ಎಲ್ಲ ಸದಸ್ಯರಿಗೂ ಒಂದೇ ನಮೂನೆಯ ರಸೀದಿ ಮತ್ತು ಸಾಮೂಹಿಕ ವಿಮೆಯನ್ನು ತಂದರೆ ಬೆಲ್ಲದ ಅಡತಿಯವರಿಂದ ಹಿಡಿದು ಕರದಂಟು ತಯಾರಕರವರೆಗೆ ಎಲ್ಲರಿಗೂ ಅದು ನೇರ ಉಪಕಾರ.

ಒಂದು ಮಾತನ್ನು ಮೊದಲೇ ಇತ್ಯರ್ಥಪಡಿಸಿಕೊಳ್ಳುವುದು ಒಳಿತು. ಒಂದಾದವರು ಕೂಡಿ ಬಾಡಿಗೆ ಏರಿಸಿಯಾರೆಂಬ ಅಂಜಿಕೆ ವರ್ತಕರಲ್ಲಿದೆ, ಅದು ಆಧಾರರಹಿತವೂ ಅಲ್ಲ. 2002ರ ಸ್ಪರ್ಧಾ ಕಾಯ್ದೆಯ 3ನೆಯ ಕಲಂ ಪ್ರತಿಸ್ಪರ್ಧಿಗಳು ಕೂಡಿ ದರ ನಿಗದಿಪಡಿಸುವುದನ್ನು ನಿಷೇಧಿಸುತ್ತದೆ. ಲೋಡು, ಗೋದಾಮು, ವಿಮೆ, ಠೇವಣಿ ಹಂಚಿಕೊಳ್ಳಲಿ. ದರವನ್ನು ಮಾತ್ರ ಪ್ರತಿ ಕಚೇರಿ ತಾನೇ ನಿರ್ಧರಿಸಲಿ. ಕರಾರಿನ ಕರಡಿನಲ್ಲಿ ಈ ಷರತ್ತು ಮೊದಲನೆಯದಾಗಿರಬೇಕು, ಮತ್ತು ಆ ಕರಡನ್ನು ಓದುವ ಸಭೆಗೆ ವರ್ತಕರನ್ನೂ ಕರೆಯಬೇಕು.