ಕರಗದ ಖನಿಜಗಳ ಶಾಖ ಅಳೆದವರು

ಖನಿಜವೊಂದು ಎಷ್ಟು ಸ್ಥಿರ ಎಂಬುದನ್ನು ತಿಳಿಯಲು ಅದು ಕರಗುವಾಗ ಹೀರುವ ಅಥವಾ ಬಿಡುವ ಶಾಖವನ್ನು ಅಳೆಯಬೇಕು. ಆದರೆ ಎಷ್ಟೋ ಆಕ್ಸೈಡ್‌ಗಳು ನೀರಿಗಿರಲಿ, ಆಮ್ಲಕ್ಕೂ ಜಗ್ಗುವುದಿಲ್ಲ. 1943ರಲ್ಲಿ ನ್ಯೂಯಾರ್ಕ್‌ನಲ್ಲಿ ಜನಿಸಿದ ಅಲೆಕ್ಸಾಂಡ್ರಾ ನವ್ರಾಟ್ಸ್ಕಿ ತಮ್ಮ ವೃತ್ತಿಜೀವನವನ್ನು ಈ ಹಟಮಾರಿ ವಸ್ತುಗಳಿಗೇ ಮೀಸಲಿಟ್ಟರು. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಓಲೆ ಕ್ಲೆಪ್ಪಾ ಅವರ ಬಳಿ ಕಲಿತು 1967ರಲ್ಲಿ ಡಾಕ್ಟರೇಟ್ ಪಡೆದರು. ಸುಮಾರು 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಂಡದಂತೆ ಕಾದಿರುವ ಸೀಸದ ಬೋರೇಟ್ ದ್ರವಕ್ಕೆ ಕೆಲವೇ ಮಿಲಿಗ್ರಾಂ ಪುಡಿ ಹಾಕಿ ಶಾಖ ಅಳೆಯುವ ವಿಧಾನವನ್ನು ಮುಂದೆ ಅವರು ಬಹುವಾಗಿ ಬೆಳೆಸಿದರು.

ಇದರ ಫಲ ದೊಡ್ಡದು. ಭೂಮಿಯೊಳಗೆ ಸುಮಾರು 410 ಕಿ.ಮೀ. ಆಳದಲ್ಲಿ ಆಲಿವಿನ್ ಖನಿಜ ಒತ್ತಡಕ್ಕೆ ಸಿಕ್ಕಿ ಸಾಂದ್ರ ರೂಪ ತಾಳುತ್ತದೆ. ಯಾವ ಉಪಕರಣವೂ ಇಳಿಯಲಾಗದ ಆ ತಾಣದ ಲೆಕ್ಕಾಚಾರಕ್ಕೆ ಪ್ರಯೋಗಾಲಯದ ಇಂಥ ಅಳತೆಗಳೇ ಆಧಾರ. ನ್ಯಾನೊ ಕಣಗಳಲ್ಲೂ ಅವರ ಕೆಲಸ ಬೆರಗು ಹುಟ್ಟಿಸುತ್ತದೆ: ಟೈಟಾನಿಯಂ ಡೈಆಕ್ಸೈಡ್‌ನ ರೂಪಗಳಲ್ಲಿ ದೊಡ್ಡ ಹರಳಾಗಿ ರೂಟೈಲ್ ಸ್ಥಿರವಾದರೂ, ಕಣ ಅತಿ ಚಿಕ್ಕದಾದಾಗ ಮೇಲ್ಮೈ ಶಕ್ತಿ ಕಡಿಮೆಯಿರುವ ಅನಟೇಸ್ ಮೇಲುಗೈ ಪಡೆಯುತ್ತದೆ.

ಅರಿಜೋನಾ ಸ್ಟೇಟ್, ಪ್ರಿನ್ಸ್‌ಟನ್, ಕ್ಯಾಲಿಫೋರ್ನಿಯಾ-ಡೇವಿಸ್ ವಿಶ್ವವಿದ್ಯಾಲಯಗಳಲ್ಲಿ ದುಡಿದ ಅವರು 2019ರಲ್ಲಿ ಮತ್ತೆ ಅರಿಜೋನಾ ಸ್ಟೇಟ್‌ಗೆ ಮರಳಿದರು. 2002ರಲ್ಲಿ ಅವರಿಗೆ ಬೆಂಜಮಿನ್ ಫ್ರಾಂಕ್ಲಿನ್ ಪದಕ ಸಂದಿತು.