ಜಾತಿ ಗಡಿ ದಾಟಿತು, ಸರ್ಟಿಫಿಕೇಟು ದಾಟಲಿಲ್ಲ

ಬೆಟ್ಟದ ಮೇಲೊಂದು ಮನೆ ಮಾಡಿಕೊಂಡು ಇದ್ದುಬಿಡಬೇಕು ಅಂತ ಪಟ್ಟಣದ ಉಳ್ಳವರು ಕನಸು ಕಾಣುತ್ತಾರೆ. ಮಂಜು, ತಂಪುಗಾಳಿ, ಏಲಕ್ಕಿ ವಾಸನೆ. ಕಾಣಲಿ ಬಿಡಿ. ಆದರೆ ಆ ಬೆಟ್ಟಕ್ಕೆ ಅವರಿಗಿಂತ ಮುಂಚೆ ಹೋದವರು ನಾವು. ಗಾಳಿ ಕುಡಿಯೋಕೆ ಹೋದವರಲ್ಲ. ಮೇಸ್ತ್ರಿ ಕೊಟ್ಟ ಮುಂಗಡ ತೀರಿಸೋಕೆ ಹೋದವರು.

ಗುಂಡ್ಲುಪೇಟೆ ಸೀಮೆಯ ನಮ್ಮ ಕೇರಿಗಳಿಗೆ ವಯನಾಡು ದೂರವಲ್ಲ. ಬಂಡೀಪುರದ ಕಾಡು ಹೊಕ್ಕು ಮೂಲೆಹೊಳೆ ದಾಟಿದರೆ ಕೇರಳ. ಮಳೆ ಕೈಕೊಟ್ಟ ವರ್ಷ ಹೊಲ ಇದ್ದವರು ಸಾಲ ಮಾಡಿದರು. ಹೊಲವಿಲ್ಲದ ನಾವು ಗಂಟು ಕಟ್ಟಿದೆವು. ನಮ್ಮ ದೊಡ್ಡವ್ವ ಹಾಗೆ ಹೋದವಳು. ಮೂವತ್ತು ವರ್ಷ ಟೀ ಸೊಪ್ಪು ಕಿತ್ತಳು. ಇದ್ದದ್ದು ಸಾಲುಮನೆಯ ಒಂದು ಕೋಣೆಯಲ್ಲಿ. ಕೊಡಗಿನಲ್ಲಿ ಅದನ್ನು ಲೈನ್‌ಮನೆ ಅಂತಾರೆ, ಅಲ್ಲಿ ಪಾಡಿ ಅಂತಾರೆ. ಹೆಸರು ಬೇರೆ, ಸೋರುವ ಸೂರು ಒಂದೇ.

ತೋಟದ ಕೂಲಿಗೆ ದಣಿಯೇ ಮನೆ ಕೊಡಬೇಕು ಅಂತ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ ಹೇಳಿತು. ಕೊಟ್ಟರು. ಕೆಲಸ ಇರೋವರೆಗೆ ಮನೆ. ಬೆನ್ನು ಬಗ್ಗಿದ ದಿನ ಬೀದಿ. 1970ರ ಜನವರಿ 1ರಿಂದ ಜಾರಿಯಾದ ಕೇರಳದ ಭೂಸುಧಾರಣೆ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ದೊಡ್ಡ ತೋಟಗಳನ್ನು ಮಾತ್ರ ಮಿತಿಯಿಂದ ಹೊರಗೆ ಬಿಟ್ಟಿತು. ಹೀಗೆ ಬೆಟ್ಟ ದಣಿಗಳಿಗೇ ಉಳಿಯಿತು. ನಮಗೆ ಉಳಿದದ್ದು ಒಂದೇ ದಾರಿ: ಮಕ್ಕಳ ಓದು.

ಆ ದಾರಿಗೆ ಬೇಲಿ ಹಾಕಿದವರು ಯಾರು, ಅದನ್ನು ಕೇಳಿ.

ದೊಡ್ಡವ್ವನ ಮಗಳು, ನಮ್ಮ ತಂಗಿ, ಅಲ್ಲೇ ಹುಟ್ಟಿ ಅಲ್ಲೇ ಪ್ಲಸ್ ಟು ಪಾಸು ಮಾಡಿದಳು. ನರ್ಸಿಂಗ್ ಓದೋ ಆಸೆ. ಮನೆತನದಲ್ಲಿ ಡಿಗ್ರಿ ಕಂಡವರು ನಾವೇ ಮೊದಲು, ಆದ್ದರಿಂದ ಅರ್ಜಿ ಹಿಡಿದು ಜೊತೆಗೆ ಹೋದವರೂ ನಾವೇ. ಅಲ್ಲಿನ ಕಚೇರಿಯವರು ಕೇಳಿದರು: ನಿಮ್ಮಪ್ಪ ಎಲ್ಲಿಯವರು? ಕರ್ನಾಟಕ. ಹಾಗಾದರೆ ಕರ್ನಾಟಕದಲ್ಲೇ ತಗೊಳ್ಳಿ. ಕೇರಳದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 'ಆದಿ ಕರ್ನಾಟಕ' ಅಂತ ಅಚ್ಚಾಗಿದೆಯಲ್ಲ ಸ್ವಾಮಿ, ಅಂದೆವು. ಇದೆ, ಆದರೆ ಅದು ನೀವಲ್ಲ ಅಂದರು.

ಊರಿಗೆ ಬಂದೆವು. ಇಲ್ಲಿನ ಮೇಜಿನವರು ಕೇಳಿದರು: ಹುಡುಗಿ ಏಳು ವರ್ಷ ಕರ್ನಾಟಕದಲ್ಲಿ ಓದಿದ ದಾಖಲೆ ಎಲ್ಲಿ? ಇಲ್ಲ. ಹಾಗಾದರೆ ಸೀಟೂ ಇಲ್ಲ. ಆ ಹುಡುಗಿ ಈಗ ಬಟ್ಟೆ ಅಂಗಡಿಯಲ್ಲಿ ದಿನವೆಲ್ಲ ನಿಂತಿರುತ್ತಾಳೆ.

ಇದು ಒಬ್ಬ ಗುಮಾಸ್ತನ ದರ್ಪ ಅಂತ ತಿಳಿಯಬೇಡಿ. ಕಾನೂನೇ ಹಾಗಿದೆ. ಸಂವಿಧಾನದ 341ನೇ ವಿಧಿ ಜಾತಿಪಟ್ಟಿಯನ್ನು ರಾಜ್ಯಕ್ಕೆ ಕಟ್ಟಿಹಾಕಿದೆ. 1990ರಲ್ಲಿ, ಮತ್ತೆ 2018ರಲ್ಲಿ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠಗಳು ಹೇಳಿದ್ದು ಇದನ್ನೇ: ಒಂದು ರಾಜ್ಯದ ಪರಿಶಿಷ್ಟ ಜಾತಿಯವನು ಇನ್ನೊಂದು ರಾಜ್ಯಕ್ಕೆ ಹೋದರೆ ಆ ರಾಜ್ಯದ ಮೀಸಲಾತಿಗೆ ಅವನು ಪರಿಶಿಷ್ಟನಲ್ಲ. ಕೇಂದ್ರದ ಕೆಲಸಕ್ಕೆ ಊರಿನ ಸರ್ಟಿಫಿಕೇಟು ನಡೆಯುತ್ತೆ. ಬೆಟ್ಟದ ಪಕ್ಕದ ಸರ್ಕಾರಿ ಕಾಲೇಜಿಗೆ ನಡೆಯಲ್ಲ.

ಭಾರತದಲ್ಲಿ ಎಲ್ಲಿ ಬೇಕಾದರೂ ನೆಲೆಸಿ ಅಂತ 19ನೇ ವಿಧಿ ಹೇಳುತ್ತೆ. ಮೇಲ್ಜಾತಿಯವನು ಎಸ್ಟೇಟು ಕೊಂಡು ಅದೇ ಬೆಟ್ಟಕ್ಕೆ ಹೋಗಿ ನೆಲೆಸುತ್ತಾನೆ. ಅವನೇನು ಕಳೆದುಕೊಳ್ಳುತ್ತಾನೆ? ಏನೂ ಇಲ್ಲ. ಅವನ ಜಾತಿಗೆ ಯಾವ ತಹಶೀಲ್ದಾರನ ಸೀಲೂ ಬೇಡ. ನಾವು ಒಂದು ಹಕ್ಕು ಬಳಸಿದರೆ ಇನ್ನೊಂದು ಹಕ್ಕು ಬಿಟ್ಟುಕೊಡಬೇಕು.

ಹಾಗಂತ ಗಡಿ ದಾಟಿದರೆ ಜಾತಿ ಹೋಯ್ತಾ? ಪಾಡಿಯಲ್ಲೂ ಮೇಸ್ತ್ರಿಯ ಮನೆಯವರು ನಮ್ಮ ಲೋಟದಲ್ಲಿ ನೀರು ಕುಡಿಯಲಿಲ್ಲ. ದೊಡ್ಡವ್ವ ಅಂತಾಳೆ: 'ನಾವು ಯಾರು ಅಂತ ಅಲ್ಲಿ ಎಲ್ಲಾರ್ಗೂ ಗೊತ್ತಿತ್ತು ಕನಾ ಮಗ, ಆಪೀಸಿನೋರ್ಗೆ ಮಾತ್ರ ಗೊತ್ತಿರ್ನಿಲ್ಲ.' ಇದನ್ನು ಒಂದು ಕೋರ್ಟಾದರೂ ಕಂಡಿದೆ. 2023ರಲ್ಲಿ ಬಾಂಬೆ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆ ದೇಶದ ಎಲ್ಲಿ ಹೋದರೂ ನಮಗೆ ಉಂಟು ಅಂದಿತು. ಬೈಸಿಕೊಳ್ಳುವಾಗ ಗಡಿ ದಾಟಿದ ಜಾತಿ ಓದುವಾಗ ಮಾತ್ರ ಯಾಕೆ ದಾಟುವುದಿಲ್ಲ?

ಮಣ್ಣಿಗೂ ಗಡಿ ಗೊತ್ತಿಲ್ಲ. 2020ರ ಆಗಸ್ಟ್ 6ರ ರಾತ್ರಿ ಇಡುಕ್ಕಿಯ ಪೆಟ್ಟಿಮುಡಿಯಲ್ಲಿ ಗುಡ್ಡ ಕುಸಿದು ತೋಟದ ಸಾಲುಮನೆಗಳಲ್ಲಿ ಮಲಗಿದ್ದ 70 ಜನ ಸತ್ತರು. ಹೆಚ್ಚಿನವರು ತಮಿಳುನಾಡಿನ ಮೂಲದ ದಲಿತ ಕೂಲಿಗಳು. ತಲೆಮಾರುಗಳಿಂದ ಅಲ್ಲಿ ದುಡಿದವರು. ಅವರ ಹೆಸರಲ್ಲಿ ಆ ಬೆಟ್ಟದ ಒಂದು ಹಿಡಿ ಮಣ್ಣೂ ಇರಲಿಲ್ಲ.

ಕೇರಳವನ್ನು ಬೈದು ಕನ್ನಡದ ಬಾವುಟ ಹಾರಿಸೋಕೆ ನಾವು ಇದನ್ನು ಬರೆಯುತ್ತಿಲ್ಲ. ನಮ್ಮ ಮನೆ ಅಂಗಳವನ್ನೇ ನೋಡೋಣ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದ ಚಹಾತೋಟಗಳಿಂದ ಕಳಿಸಿದ ತಮಿಳರಲ್ಲಿ ಕೆಲವರನ್ನು ಸುಳ್ಯ, ಪುತ್ತೂರಿನ ಗುಡ್ಡಗಳಿಗೆ ತಂದು ರಬ್ಬರ್ ಕೆಲಸಕ್ಕೆ ಹಚ್ಚಿದ್ದು ನಮ್ಮದೇ ಸರ್ಕಾರ. 'ಆದಿ ದ್ರಾವಿಡ' ಕರ್ನಾಟಕದ ಪಟ್ಟಿಯಲ್ಲೂ ಇದೆ. ಆದರೂ ಜಾತಿ ಸರ್ಟಿಫಿಕೇಟಿಗಾಗಿ ಅವರು ವರ್ಷಗಟ್ಟಲೆ ಅಲೆದರು. ಅಲ್ಲಿ ನಮಗೆ ಆದದ್ದನ್ನು ಇಲ್ಲಿ ನಾವು ಅವರಿಗೆ ಮಾಡಿದೆವು. ಆಗ ನಮ್ಮಲ್ಲಿ ಎಷ್ಟು ಜನ ಬಾಯಿಬಿಟ್ಟೆವು?

ಒಂದು ಮಾತು ಬರುತ್ತೆ, ನ್ಯಾಯವಾದ ಮಾತೇ: ಹೊರಗಿನವರು ಬಂದರೆ ಅಲ್ಲಿನ ಪುಲಯರ, ಪರೆಯರ ಪಾಲಿಗೆ ಏನು ಉಳಿಯುತ್ತೆ? ಅವರ ತಟ್ಟೆಗೆ ನಾವು ಕೈ ಹಾಕುವುದಿಲ್ಲ. ಹಸಿದವರಿಬ್ಬರನ್ನು ಒಂದು ತುತ್ತಿಗೆ ಕಾದಾಡಿಸಿ ಅಟ್ಟದ ಮೇಲೆ ಕೂತು ನೋಡೋದು ಉಳ್ಳವರ ಹಳೇ ಆಟ. ನಾವು ಕೇಳೋದು ಹೆಚ್ಚುವರಿ ಸೀಟು. ಎರಡೂ ರಾಜ್ಯಗಳ ಪಟ್ಟಿಯಲ್ಲಿ ಹೆಸರಿರುವ ಜಾತಿಯ ಕೂಲಿಯ ಮಕ್ಕಳು, ಅಪ್ಪ ಅವ್ವ ಹತ್ತು ವರ್ಷ ಬೆವರು ಸುರಿಸಿದ ನೆಲದಲ್ಲೇ, ಪರಿಶಿಷ್ಟರಾಗಿ ಓದಬೇಕು. ಇದನ್ನು ಮಾಡಬೇಕಾದದ್ದು ದಿಲ್ಲಿಯ ಸಂಸತ್ತು. ಪಟ್ಟಿಗೆ ಸೇರಿಸುವ, ತೆಗೆಯುವ ಅಧಿಕಾರವನ್ನು 341ನೇ ವಿಧಿ ಕೊಟ್ಟಿರೋದು ಅದಕ್ಕೇ. ಮೀಸಲು ಕ್ಷೇತ್ರದಲ್ಲಿ ಗೆದ್ದು ಅಲ್ಲಿ ಕೂತಿರೋ ನಮ್ಮವರು ಈ ಮಾತನ್ನು ಎತ್ತಲಿ.

ಗೆಳೆಯರೇ, ನಿಮ್ಮ ನಿಮ್ಮ ಕೇರಿಗೆ ಹೋಗಿ. ವಯನಾಡಿಗೆ, ನೀಲಗಿರಿಗೆ ಹೋದವರ ಲೆಕ್ಕ ಮನೆಮನೆಯಲ್ಲೂ ಬರೆದುಕೊಳ್ಳಿ. ಎಷ್ಟು ಜನ ಹೋದರು, ಅವರ ಎಷ್ಟು ಮಕ್ಕಳು ಓದು ಬಿಟ್ಟರು, ಯಾವ ಕಾಗದಕ್ಕೆ ಬಿಟ್ಟರು ಅಂತ ಬರೆಯಿರಿ. ಅದನ್ನೇ ನಿಮ್ಮ ಸಂಸದರ ಮನೆ ಬಾಗಿಲಿಗೆ ಒಯ್ದು ಓದಿ ಹೇಳಿ. ಅವರು ಓಟು ಕೇಳೋಕೆ ನಮ್ಮ ಕೇರಿಗೆ ಬರುವವರೆಗೂ ಕಾಯಬೇಡಿ.